ಕನಸಿನೊಳಗೊಂದು ಎಚ್ಚರ

ರಾಯಚೂರಿನ ನಮ್ಮ ಓಣಿಯಲ್ಲಿ ಆಗ ನಳ ಬರುತ್ತಿದ್ದದ್ದು ನಸುಕಿನ ನಾಲ್ಕು ಗಂಟೆಗೆ. ಎದ್ದು ಕೊಡ, ಬಕೀಟು, ಹಂಡೆ ತುಂಬಿಸಿ, ಇನ್ನೂ ಕತ್ತಲಿದೆಯಲ್ಲ ಎಂದು ಮತ್ತೆ ಅಡ್ಡಾದರೆ ಒಂದು ಎರಡನೆಯ ನಿದ್ದೆ ಬರುತ್ತಿತ್ತು. ಆ ನಿದ್ದೆಯಲ್ಲಿ ಬೀಳುವ ಕನಸುಗಳ ಬಣ್ಣವೇ ಬೇರೆ. ನೀರಿಗಾಗಿ ಎದ್ದು ಮಲಗಿದ ಹೆಂಗಸರಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಅವ್ವ ತೀರಿಕೊಂಡ ಮೇಲೆ ಸುಮಾರು ಎರಡು ವರ್ಷ, ಆ ನಿದ್ದೆಯಲ್ಲಿ ನನಗೆ ಒಂದೇ ಕನಸು. ದೇವದುರ್ಗದ ತವರುಮನೆ. ಹಿತ್ತಲಿನಿಂದ ಅವ್ವ ಕೂಗುತ್ತಾಳೆ. ನಾನು ಓಡುತ್ತೇನೆ, ಪಡಸಾಲೆ ಮುಗಿಯುವುದೇ ಇಲ್ಲ. ಹಿತ್ತಲ ಬಾಗಿಲು ಮುಟ್ಟುವಷ್ಟರಲ್ಲಿ ಎಚ್ಚರವಾಗಿ ಎದೆ ಡವಗುಟ್ಟುತ್ತಿರುತ್ತದೆ. ಅವ್ವ ಹೋದ ದಿನ ನಾನು ಬಸ್ಸು ಹಿಡಿದು ಊರು ಮುಟ್ಟಿದಾಗ ಹೊತ್ತು ಮೀರಿತ್ತು. ಆ ಕನಸಿಗೆ ಅರ್ಥ ಹೇಳುವವರು ಬೇಕಾಗಿರಲಿಲ್ಲ. ಬರಬರುತ್ತಾ ನಿದ್ದೆಯೆಂದರೇ ಭಯವಾಯಿತು.

ಮಾನ್ವಿಯಲ್ಲಿದ್ದ ನನ್ನ ಸೋದರತ್ತೆಗೆ ಇದನ್ನು ಹೇಳಿಕೊಂಡೆ. ಆಕೆ ಬತ್ತಿ ಹೊಸೆಯುತ್ತಿದ್ದವಳು ತಲೆ ಎತ್ತಲಿಲ್ಲ. “ಕನಸಿಗ್ಯಾಕ ಹೆದರ್ತಿ ಮಗಳ? ನಮ್ಮ ಸೀಮ್ಯಾಗ ದಾಸರು ಹುಟ್ಟಿದ್ದ ಕನಸಿನಾಗ” ಎಂದಳು.

ಆಕೆ ಹೇಳಿದ್ದು ನಮ್ಮ ಜಿಲ್ಲೆಯ ಚರಿತ್ರೆಯ ಮಾತು. ಮಾನ್ವಿ ತಾಲ್ಲೂಕಿನ ಚೀಕಲಪರ್ವಿ ತುಂಗಭದ್ರೆಯ ದಂಡೆಯ ಹಳ್ಳಿ. ಅಲ್ಲಿ 1682ರಲ್ಲಿ ಹುಟ್ಟಿದರೆನ್ನಲಾದ ದಾಸಪ್ಪ ಕಡುಬಡತನದಲ್ಲಿ ಊರು ಬಿಟ್ಟು ಕಾಶಿಗೆ ಹೋದ. ಅಲ್ಲಿ ಒಂದು ರಾತ್ರಿ ಪುರಂದರದಾಸರು ಕನಸಿನಲ್ಲಿ ಕಾಣಿಸಿಕೊಂಡು ‘ವಿಜಯವಿಠಲ’ ಎಂಬ ಅಂಕಿತ ಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಪುರಂದರದಾಸರು ಕಾಲವಾದದ್ದು 1564ರಲ್ಲಿ. ನಡುವೆ ನೂರು ವರ್ಷಕ್ಕೂ ಮಿಕ್ಕಿದ ಅಂತರ. ಆ ಗುರು ಈ ಶಿಷ್ಯನನ್ನು ಕಾಣಬೇಕಾದರೆ ಕನಸಲ್ಲದೆ ಬೇರೆ ಯಾವ ಜಾಗವಿತ್ತು?

ಹೀಗೆ ವಿಜಯದಾಸರಾದವರು ದೇವದುರ್ಗ ತಾಲ್ಲೂಕಿನ ಮೊಸರಕಲ್ಲಿನ ಭಾಗಣ್ಣನಿಗೆ ಅಂಕಿತ ಕೊಟ್ಟರು. ಆತ ಗೋಪಾಲದಾಸರಾದರು. ಗೋಪಾಲದಾಸರಿಂದ ಮಾನ್ವಿ ತಾಲ್ಲೂಕಿನ ಬ್ಯಾಗವಾಟದ ಶ್ರೀನಿವಾಸಾಚಾರ್ಯರು ಜಗನ್ನಾಥದಾಸರಾದರು, ‘ಹರಿಕಥಾಮೃತಸಾರ’ ಬರೆದರು. ನಮ್ಮ ಅತ್ತೆ ಅಡಿಗೆ ಮಾಡುತ್ತ ಗುನುಗುತ್ತಿದ್ದದ್ದು ಅದನ್ನೇ. ಕನಸಿನಲ್ಲಿ ಕೊಟ್ಟ ಒಂದು ಹೆಸರು ಮೂರು ಹಳ್ಳಿ ದಾಟಿ ಆಕೆಯ ಒಲೆಯ ಮುಂದೆ ಬಂದು ಕೂತಿತ್ತು.

ಆದರೆ ವಿಜಯದಾಸರ ಕನಸು ಬೇಡದೆ ಬಂದ ಕೃಪೆ. ನನಗೆ ಬೇಕಾಗಿದ್ದದ್ದು ಬಂದ ಕನಸಿನಲ್ಲಿ ನಿಲ್ಲುವ ಧೈರ್ಯ. ಅದಕ್ಕೂ ಒಂದು ಎಳೆ ಅತ್ತೆಯ ಮನೆಯಲ್ಲೇ ಸಿಕ್ಕಿತು. ದಾಸರೆಲ್ಲರೂ ಅನುಸರಿಸಿದ ಮಧ್ವಾಚಾರ್ಯರು ಕನಸನ್ನು ಸುಳ್ಳೆಂದು ತಳ್ಳಿದವರಲ್ಲ. ಕನಸಿನ ವಸ್ತುಗಳು ನಮ್ಮ ಮನಸ್ಸಿನಲ್ಲಿ ಉಳಿದ ವಾಸನೆಗಳಿಂದ ಭಗವಂತ ರಚಿಸಿದ ನಿಜ ವಸ್ತುಗಳು. ಅವನ್ನು ಎಚ್ಚರದ ಲೋಕದ ವಸ್ತುಗಳೆಂದು ತಿಳಿಯುವುದಷ್ಟೇ ಭ್ರಮೆ ಎಂಬುದು ಅವರ ಮತ. ಹಾಗಾದರೆ ಕನಸಿನೊಳಗೇ ‘ಇದು ಕನಸು’ ಎಂದು ತಿಳಿದರೆ? ಕನಸು ಉಳಿಯುತ್ತದೆ, ಭ್ರಮೆ ಹೋಗುತ್ತದೆ ಎಂದು ನಾನು ಲೆಕ್ಕ ಹಾಕಿದೆ.

ಈ ಎಚ್ಚರಕ್ಕೆ ಹಾಲೆಂಡಿನ ಮನೋವೈದ್ಯ ಫ್ರೆಡೆರಿಕ್ ವಾನ್ ಈಡನ್ 1913ರಲ್ಲಿ ‘ಲೂಸಿಡ್ ಡ್ರೀಮ್’ ಎಂದು ಹೆಸರಿಟ್ಟ. ನಿದ್ದೆಯಲ್ಲಿ ಅಂಥ ಅರಿವು ಇರಲು ಸಾಧ್ಯವೇ ಎಂದು ಬಹಳ ಜನ ವಿಜ್ಞಾನಿಗಳು ನಂಬಿರಲಿಲ್ಲ. ಹೆಚ್ಚು ಕನಸು ಬೀಳುವ ನಿದ್ದೆಯಲ್ಲಿ ಕೈಕಾಲು ಸೋತು ಬಿದ್ದಿರುತ್ತವೆ, ಕಣ್ಣುಗುಡ್ಡೆಗಳು ಮಾತ್ರ ಹೊರಳುತ್ತಿರುತ್ತವೆ. ಇದನ್ನೇ ಹಿಡಿದು 1975ರಲ್ಲಿ ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದ ಕೀತ್ ಹರ್ನ್ ಒಂದು ಉಪಾಯ ಮಾಡಿದ. ಕನಸೆಂದು ತಿಳಿದಾಗ ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಬೇಕೆಂದು ಆಲನ್ ವರ್ಸ್ಲಿ ಎಂಬಾತನೊಡನೆ ಮೊದಲೇ ಮಾತಾಡಿಕೊಂಡ. ಆತ ನಿದ್ದೆಯೊಳಗಿಂದಲೇ ಹಾಗೆ ಸನ್ನೆ ಮಾಡಿದ್ದು ಯಂತ್ರದ ಕಾಗದದ ಮೇಲೆ ಮೂಡಿತು. ಅಮೆರಿಕದ ಸ್ಟೀಫನ್ ಲಾಬರ್ಜ್ 1981ರಲ್ಲಿ ಇಂಥದೇ ಪ್ರಯೋಗಗಳನ್ನು ಪ್ರಕಟಿಸಿದ. 2016ರಲ್ಲಿ ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ ಶೇಕಡಾ 55ರಷ್ಟು ಜನ ಒಮ್ಮೆಯಾದರೂ ಇಂಥ ಕನಸು ಕಂಡಿರುವುದು ತಿಳಿಯಿತು.

ಲಾಬರ್ಜ್ ಹೇಳಿಕೊಟ್ಟ ಕ್ರಮವನ್ನು ಓದಿದಾಗ ನನಗೆ ನಗು ಬಂತು. ಬೆಳಗಿನ ಜಾವ ಎದ್ದು, ಸ್ವಲ್ಪ ಹೊತ್ತು ಎಚ್ಚರವಾಗಿದ್ದು, ಮತ್ತೆ ಮಲಗಬೇಕು. ಮಲಗುವಾಗ ‘ಮುಂದೆ ಕನಸು ಬಿದ್ದರೆ ಅದು ಕನಸೆಂದು ನನಗೆ ನೆನಪಾಗಲಿ’ ಎಂದು ಮನಸ್ಸಿನಲ್ಲಿ ಹೇಳಿಕೊಳ್ಳಬೇಕು. ಕನಸು ತುಂಬುವ ನಿದ್ದೆ ಬೆಳಗಾಗುತ್ತ ಬಂದಂತೆ ದೀರ್ಘವಾಗುವುದರಿಂದ ಈ ವೇಳೆ. ಅರ್ಧ ಕೆಲಸವನ್ನು ನಮ್ಮ ಓಣಿಯ ನಳ ವರ್ಷಗಟ್ಟಲೆ ನನ್ನಿಂದ ಮಾಡಿಸಿತ್ತು! ಹೇಳಿಕೊಳ್ಳುವ ಮಾತೊಂದು ಬಾಕಿ ಇತ್ತು.

ಇನ್ನೊಂದು ಕೆಲಸ, ಎದ್ದ ಕೂಡಲೇ ಕನಸನ್ನು ಬರೆದಿಡುವುದು. ಕಿರಾಣಿ ಲೆಕ್ಕದ ನೋಟುಬುಕ್ಕಿನ ಹಿಂದಿನಿಂದ ಶುರು ಮಾಡಿದೆ. ಮೂರು ವಾರ ಬರೆದ ಮೇಲೆ ಓದಿದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು. ಪ್ರತಿ ಸಲವೂ ಹಿತ್ತಲಿನ ಬಾವಿಯ ರಾಟೆಯ ಸಪ್ಪಳವಿತ್ತು. ಆ ಬಾವಿಯನ್ನು ನನ್ನ ಮದುವೆಗೆ ಮೊದಲೇ ಮುಚ್ಚಿದ್ದರು. ರಾಟೆ ಕೇಳಿಸಿದರೆ ಅದು ಕನಸು ಎಂದು ಹಗಲೆಲ್ಲ ನೆನೆದುಕೊಂಡೆ. ತಿಂಗಳೆರಡು ಕಳೆದರೂ ಏನೂ ಆಗಲಿಲ್ಲ. ಅತ್ತೆ ಮಾತ್ರ, “ಅವಸರ ಮಾಡಬ್ಯಾಡ, ನಿದ್ದಿ ಕೆಡಸ್ಕೊಬ್ಯಾಡ” ಎನ್ನುತ್ತಿದ್ದಳು. ಒಳ್ಳೆಯ ಮಾತು. ನಿದ್ದೆಗೆಟ್ಟು ಇದನ್ನು ಕಲಿಯಬೇಕಾಗಿಲ್ಲ. ಮನಸ್ಸಿನ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಈ ದಾರಿಗೆ ಹೋಗಲೂಬಾರದು.

ಒಂದು ನಸುಕು, ನೀರು ತುಂಬಿ ಮಲಗಿದೆ. ಪಡಸಾಲೆ ಬಂತು, ಕೂಗು ಬಂತು, ಓಡತೊಡಗಿದೆ. ರಾಟೆ ಕಿರುಗುಟ್ಟಿತು. ಬಾವಿ ಇಲ್ಲವಲ್ಲ ಎನ್ನಿಸಿತು. ಇದು ಕನಸು. ನಾನು ಓಡುವುದನ್ನು ಬಿಟ್ಟು ನಡೆದೆ. ಪಡಸಾಲೆ ನಾಲ್ಕು ಹೆಜ್ಜೆಗೆ ಮುಗಿದುಹೋಯಿತು.

ಅವ್ವ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ಆಕೆ ಇಲ್ಲವೆಂಬುದು ನನಗೆ ಗೊತ್ತಿತ್ತು. ತಡವಾಯಿತು ಎಂದು ಹೇಳಲು ಬಾಯಿ ತೆರೆದವಳು ಹೇಳಲಿಲ್ಲ. ಪಕ್ಕದಲ್ಲಿ ಕೂತು ಒಂದೆರಡು ಹರಳು ಆರಿಸಿದೆ. ಅಷ್ಟರಲ್ಲಿ ಎಚ್ಚರವಾಯಿತು.

ಎದೆ ಹೊಡೆದುಕೊಳ್ಳುತ್ತಿರಲಿಲ್ಲ. ಹಂಡೆಯ ಮೇಲೆ ತಟ್ಟೆ ಮುಚ್ಚುವುದನ್ನು ಮರೆತಿದ್ದೆ. ಎದ್ದು ಮುಚ್ಚಿ, ಒಲೆ ಹಚ್ಚಿದೆ.