ವಸಂತದ ಹಿಮ, ಆಷಾಢದ ಮಳೆ

2023ರ ಏಪ್ರಿಲ್ 25. ವೈಶಾಖದ ಮೊದಲ ವಾರ. ಕರ್ನಾಟಕದ ಬಯಲುಸೀಮೆಯಲ್ಲಿ ಹೊಂಗೆಯ ನೆರಳಿನಲ್ಲೂ ಬಿಸಿಗಾಳಿ ತಟ್ಟುವ ಕಾಲ. ಅದೇ ಬೆಳಿಗ್ಗೆ, ಸಮುದ್ರಮಟ್ಟದಿಂದ ಸುಮಾರು 3,580 ಮೀಟರ್ ಎತ್ತರದಲ್ಲಿರುವ ಕೇದಾರನಾಥ ದೇಗುಲದ ಬಾಗಿಲು ತೆರೆದಾಗ ಸುತ್ತಲೂ ಹಿಮ. ದಾರಿಯ ಮೇಲಿನ ಹಿಮವನ್ನು ಸರಿಸಿ ಯಾತ್ರಿಗಳಿಗೆ ಅನುವು ಮಾಡಿಕೊಡಲಾಗಿತ್ತು. ಆಮೇಲೂ ಹಿಮ ಬೀಳುವುದು ನಿಲ್ಲಲಿಲ್ಲ. ಮೇ ತಿಂಗಳು ಬಂದರೂ ಯಾತ್ರಿಗಳ ನೋಂದಣಿಯನ್ನು ತಡೆಹಿಡಿಯಬೇಕಾಯಿತು.

ಕೇದಾರದ ಪ್ರಧಾನ ಅರ್ಚಕರಾದ ರಾವಲರು ಕನ್ನಡ ನಾಡಿನ ವೀರಶೈವ ಜಂಗಮ ಮನೆತನಗಳಿಂದ ಹೋದವರು. ಇದು ಬಹುಕಾಲದ ಪರಂಪರೆ. ಚಳಿಗಾಲ ಬಂತೆಂದರೆ ಉತ್ಸವಮೂರ್ತಿಯೊಡನೆ ಅವರು ಕೆಳಗಿನ ಉಖೀಮಠಕ್ಕೆ ಇಳಿಯುತ್ತಾರೆ. ಮತ್ತೆ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಪಂಚಾಂಗ ನೋಡಿ ಗೊತ್ತುಮಾಡಲಾಗುತ್ತದೆ. ದಿನವನ್ನು ಗೊತ್ತುಮಾಡಬಹುದು, ಆದರೆ ಆ ದಿನದೊಳಗೆ ಕರಗಿ ಮುಗಿಯಬೇಕೆಂದು ಹಿಮಕ್ಕೆ ಕಟ್ಟಳೆ ಹಾಕುವವರಾರು?

ಅದೇ ವರ್ಷ ಕರ್ನಾಟಕದಲ್ಲಿ ಮುಂಗಾರು ಕೈಕೊಟ್ಟಿತು. ಆಗಸ್ಟ್ ತಿಂಗಳಂತೂ 1901ರಿಂದೀಚೆಗೆ ದೇಶ ಕಂಡ ಅತ್ಯಂತ ಒಣ ಆಗಸ್ಟ್ ಎನಿಸಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ವಸಂತದಲ್ಲಿ ಹಿಮಾಲಯದ ಮೇಲೆ ತಡವಾಗಿ ಬಿದ್ದ ಹಿಮಕ್ಕೂ ಕೆಲವೇ ತಿಂಗಳ ಬಳಿಕ ದಕ್ಷಿಣದ ಹೊಲಗಳಲ್ಲಿ ಒಣಗಿದ ರಾಗಿ, ಜೋಳಕ್ಕೂ ನಂಟಿದೆಯೇ? ಪ್ರಶ್ನೆ ವಿಚಿತ್ರವೆನಿಸಬಹುದು. ಆದರೆ ಅದು ಹೊಸದಲ್ಲ. ನೂರನಲವತ್ತು ವರ್ಷಗಳ ಹಿಂದೆಯೇ ಒಬ್ಬ ವಿಜ್ಞಾನಿ ಇಂಥದೇ ಪ್ರಶ್ನೆಯನ್ನು ಕೈಗೆತ್ತಿಕೊಂಡಿದ್ದ. ಭಾರತದ ಮಳೆಗಾಲದ ಮುನ್ಸೂಚನೆ ಎಂಬ ವಿದ್ಯೆ ಹುಟ್ಟಿದ್ದೇ ಆ ಹಿಮದ ಮೇಲೆ ಎನ್ನಬೇಕು.

ಆ ವಿದ್ಯೆಯ ಹಿಂದೆ ಇರುವುದು ಕನ್ನಡಿಗರು ಮರೆಯಲಾಗದ ಒಂದು ದುರಂತ. 1875ರಲ್ಲೇ ಹಳೆಯ ಮೈಸೂರು ಸೀಮೆಯಲ್ಲಿ ಮಳೆ ತಪ್ಪತೊಡಗಿತ್ತು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಸೋತವು. ಮದ್ರಾಸ್, ಮುಂಬಯಿ, ಹೈದರಾಬಾದ್, ಮೈಸೂರು ಪ್ರಾಂತಗಳನ್ನೆಲ್ಲ ಕ್ಷಾಮ ಆವರಿಸಿತು. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದುದರಿಂದ ನಮ್ಮ ಹಿರಿಯರು ಅದನ್ನು ಧಾತು-ಈಶ್ವರ ಬರ ಎಂದೇ ಕರೆದರು. ಆಗ ಮೈಸೂರು ಬ್ರಿಟಿಷ್ ಕಮಿಷನರರ ಆಡಳಿತದಲ್ಲಿತ್ತು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಹತ್ತು ವರ್ಷಗಳಲ್ಲಿ ಬೆಳೆಯಬೇಕಿದ್ದ ಜನಸಂಖ್ಯೆ ಆರರಲ್ಲೊಂದು ಪಾಲು ಕುಗ್ಗಿತ್ತು. ಬರಪರಿಹಾರದ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲು ಮಾರ್ಗ ಆ ದಿನಗಳ ಕುರುಹಾಗಿ ಉಳಿದಿದೆ. ಇಂದು ಆ ಹಾದಿಯಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿಗೆ ಈ ಸಂಗತಿ ಗೊತ್ತಿದೆಯೋ!

ಕ್ಷಾಮ ಮುಗಿದ ಮೇಲೆ ಸರ್ಕಾರ ತನಿಖಾ ಆಯೋಗವೊಂದನ್ನು ನೇಮಿಸಿತು. ಅದರ ವರದಿ 1880ರಲ್ಲಿ ಹೊರಬಂತು. ಮಳೆ ತಪ್ಪುವುದನ್ನು ಮೊದಲೇ ತಿಳಿಯಲಾದೀತೇ ಎಂಬುದು ಆಗ ಆಡಳಿತಕ್ಕೆ ಶಾಸ್ತ್ರಜಿಜ್ಞಾಸೆಯಾಗಿ ಉಳಿದಿರಲಿಲ್ಲ. ಧಾನ್ಯ ಎಲ್ಲಿಗೆ ಸಾಗಿಸಬೇಕು, ಕಂದಾಯ ಎಲ್ಲಿ ಬಿಡಬೇಕು, ಕೂಲಿ ಕೆಲಸ ಯಾವಾಗ ತೆರೆಯಬೇಕು ಎಂಬುದೆಲ್ಲ ಅದಕ್ಕೆ ಅಂಟಿಕೊಂಡಿತ್ತು. ಒಂದು ತಿಂಗಳು ಮೊದಲು ತಿಳಿದರೂ ಸಾವಿರಾರು ಜೀವಗಳು ಉಳಿಯಬಹುದಿತ್ತು.

ಈ ಭಾರ ಬಿದ್ದದ್ದು ಹೆನ್ರಿ ಫ್ರಾನ್ಸಿಸ್ ಬ್ಲ್ಯಾನ್‌ಫರ್ಡ್ ಅವರ ಹೆಗಲಿಗೆ. 1875ರಲ್ಲಿ ಭಾರತ ಹವಾಮಾನ ಇಲಾಖೆ ಸ್ಥಾಪನೆಯಾದಾಗ ಅದರ ಮೊದಲ ಮುಖ್ಯಸ್ಥರಾದವರು ಅವರು. ಮೂಲತಃ ಭೂವಿಜ್ಞಾನಿ. 1855ರಲ್ಲಿ ಅಣ್ಣ ವಿಲಿಯಂ ಜೊತೆ ಭಾರತಕ್ಕೆ ಬಂದು ಭೂವೈಜ್ಞಾನಿಕ ಸರ್ವೇಕ್ಷಣೆಗೆ ಸೇರಿದ್ದರು. ಮರುವರ್ಷವೇ ಒರಿಸ್ಸಾದ ತಾಲ್ಚೇರಿನಲ್ಲಿ ಕಲ್ಲಿದ್ದಲ ಸರ್ವೆ ಮಾಡುವಾಗ ಅಣ್ಣತಮ್ಮಂದಿರು ಮತ್ತು ಸಂಗಡಿಗರಿಗೆ ವಿಚಿತ್ರವಾದ ಬಂಡೆಗಳ ಪದರವೊಂದು ಕಾಣಿಸಿತು. ಕೋಟ್ಯಂತರ ವರ್ಷಗಳ ಹಿಂದೆ ಮಂಜುಗಡ್ಡೆ ಹೊತ್ತು ತಂದ ಬಂಡೆಗಳವು ಎಂದು ಅವರು ತರ್ಕಿಸಿದರು. ಬೇಸಿಗೆಯಲ್ಲಿ ಕೆಂಡವಾಗುವ ತಾಲ್ಚೇರಿನಲ್ಲಿ ಹಿಮದ ಗುರುತು ಕಂಡವರಿಗೆ ಹಿಮಾಲಯದ ಹಿಮದಲ್ಲಿ ಮಳೆಯ ಗುರುತು ಕಂಡದ್ದು ಆಶ್ಚರ್ಯವಲ್ಲವೇನೋ.

ಬ್ಲ್ಯಾನ್‌ಫರ್ಡ್ ಗಮನಿಸಿದ್ದು ಇಷ್ಟು. ಚಳಿಗಾಲದಲ್ಲಿ ಮೆಡಿಟರೇನಿಯನ್ ಕಡೆಯಿಂದ ಸಾಲುಸಾಲಾಗಿ ಬರುವ ವಾಯುಕ್ಷೋಭೆಗಳು ಹಿಮಾಲಯದ ಮೇಲೆ ಹಿಮ ಸುರಿಸುತ್ತವೆ. ಸಾಮಾನ್ಯವಾಗಿ ವಸಂತ ಕಾಲಿಟ್ಟ ಮೇಲೆ ಅವುಗಳ ಬಲ ಕುಗ್ಗಬೇಕು. ಆದರೆ ಕೆಲವು ವರ್ಷ ಹಾಗಾಗುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲೂ ಅವು ಬರುತ್ತಲೇ ಇರುತ್ತವೆ, ಕರಗಬೇಕಾದ ಹೊತ್ತಿನಲ್ಲಿ ಹಿಮ ಮತ್ತೆ ಕೂಡುತ್ತದೆ. ಅಂಥ ವರ್ಷಗಳಲ್ಲಿ ವಾಯವ್ಯ ಭಾರತದ ಬಯಲಿನಲ್ಲಿ ಒಣಗಾಳಿ ಬಹುದಿನ ಬೀಸಿ ಮುಂಗಾರು ದುರ್ಬಲವಾಗುತ್ತದೆ ಎಂಬ ನಿರ್ಣಯಕ್ಕೆ ಅವರು ಬಂದರು. 1884ರಲ್ಲಿ ಈ ವಾದವನ್ನು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು.

ತರ್ಕ ಸರಳವಾಗಿಯೇ ಇತ್ತು. ಮುಂಗಾರು ಬೀಸಬೇಕಾದರೆ ನೆಲ ಕಡಲಿಗಿಂತ ಚೆನ್ನಾಗಿ ಕಾಯಬೇಕು. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಬಹುಪಾಲನ್ನು, ಹತ್ತರಲ್ಲಿ ಎಂಟು ಪಾಲಿಗೂ ಮಿಗಿಲಾಗಿ, ಹಿಂದಕ್ಕೆ ಎರಚಿಬಿಡುತ್ತದೆ. ಉಳಿದ ಶಾಖವೂ ಮೊದಲು ಹಿಮ ಕರಗಿಸಲು ಖರ್ಚಾಗುತ್ತದೆ. ಒಂದು ಕಿಲೋ ಮಂಜುಗಡ್ಡೆಯನ್ನು ಬರೀ ನೀರಾಗಿಸಲು ಬೇಕಾಗುವ ಶಾಖದಲ್ಲಿ ಅಷ್ಟೇ ತಣ್ಣೀರನ್ನು 80 ಡಿಗ್ರಿಯವರೆಗೆ ಕಾಯಿಸಬಹುದು. ಸ್ನಾನದ ಹಂಡೆಗೆ ಉರಿ ಹಾಕಿದವರಿಗೆ ಇದೆಷ್ಟು ದೊಡ್ಡ ವೆಚ್ಚವೆಂದು ಬಿಡಿಸಿ ಹೇಳಬೇಕಿಲ್ಲ. ಕರಗಿದ ಮೇಲೂ ಒದ್ದೆ ನೆಲ ಆರುವುದಕ್ಕೆ ಇನ್ನಷ್ಟು ಶಾಖ ಬೇಕು. ಹೀಗೆ ವಸಂತದ ತಡ ಹಿಮ ಬೇಸಿಗೆಯ ಒಲೆಗೆ ನೀರು ಚಿಮುಕಿಸುತ್ತದೆ. ಒಲೆ ಉರಿಯದಿದ್ದರೆ ಕಡಲಿನ ಗಾಳಿಗೆ ಒಳನಾಡಿನ ಸೆಳೆತ ಕಡಿಮೆ.

1882ರಿಂದ 1885ರವರೆಗೆ ಬ್ಲ್ಯಾನ್‌ಫರ್ಡ್ ಪ್ರಾಯೋಗಿಕವಾಗಿ ಮುನ್ಸೂಚನೆ ಕೊಟ್ಟು ನೋಡಿದರು. ಬೆಟ್ಟದ ಸೀಮೆಗಳಿಂದ ಬಂದ ಹಿಮದ ವರದಿಗಳೇ ಆಧಾರ. ಫಲಿತಾಂಶ ಆಶಾದಾಯಕವಾಗಿದ್ದುದರಿಂದ 1886ರ ಜೂನ್ 4ರಂದು ಭಾರತ ಮತ್ತು ಬರ್ಮಾಕ್ಕೆ ಮಳೆಗಾಲದ ಮೊದಲ ಅಧಿಕೃತ ಮುನ್ಸೂಚನೆ ಹೊರಟಿತು. ನಮ್ಮ ಹಳ್ಳಿಗಳಲ್ಲಿ ಯುಗಾದಿಯ ದಿನ ದೇವಸ್ಥಾನದ ಜಗಲಿಯಲ್ಲಿ ಕುಳಿತು ಪಂಚಾಂಗ ಶ್ರವಣದಲ್ಲಿ ಮಳೆ-ಬೆಳೆಯ ಫಲ ಕೇಳುವುದು ಅದಕ್ಕಿಂತ ಬಹು ಹಳೆಯ ರೂಢಿ. ಭರಣಿ, ಕೃತ್ತಿಕೆ, ರೋಹಿಣಿ ಎಂದು ಮಳೆ ನಕ್ಷತ್ರಗಳನ್ನು ಎಣಿಸುತ್ತ ರೈತ ಆಕಾಶ ನೋಡುತ್ತಿದ್ದ. ಸರ್ಕಾರ ಅದೇ ತಿಂಗಳುಗಳಲ್ಲಿ ಹಿಮದತ್ತ ನೋಡತೊಡಗಿತು.

ಇಲ್ಲೊಂದು ಮಾತಿನ ತೊಡಕೂ ಉಂಟು. ಹಿಮ ಬೀಳದ ನಾಡಿನ ಭಾಷೆಗೆ ಹಿಮಕ್ಕೆ ಬೇರೆ ಪದ ಬೇಕೆನಿಸಲಿಲ್ಲ. ಕೊಡಗಿನ ಬೆಳಗಿನಲ್ಲಿ ಕವಿಯುವುದೂ ಮಂಜು, ಕೇದಾರದ ಮೇಲೆ ಬೀಳುವುದೂ ಮಂಜು. ಸಂಸ್ಕೃತದ ‘ಹಿಮ’ ಪುಸ್ತಕದಲ್ಲಿ ಉಳಿಯಿತು. ಕಂಡೇ ಇರದ ವಸ್ತುವೊಂದು ತನ್ನ ಹೊಲದ ಮಳೆಯನ್ನು ತಡೆದೀತೆಂದು ಆಗಿನ ಚಿತ್ರದುರ್ಗದ ರೈತನಿಗೆ ಯಾರಾದರೂ ಹೇಳಿದ್ದರೆ ನಂಬುತ್ತಿದ್ದನೇ?

ನಂಬಿದವರಿಗೂ ಪೆಟ್ಟು ಬೀಳಲು ತಡವಾಗಲಿಲ್ಲ. ಬ್ಲ್ಯಾನ್‌ಫರ್ಡರ ನಂತರ ಬಂದ ಜಾನ್ ಎಲಿಯಟ್ ಹಿಮದ ಜೊತೆಗೆ ಹಿಂದೂ ಮಹಾಸಾಗರ, ಆಸ್ಟ್ರೇಲಿಯ ಕಡೆಯ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮುನ್ಸೂಚನೆಯನ್ನು ಹಿಗ್ಗಿಸಿದರು. 1899ರಲ್ಲಿ ಮಳೆ ಚೆನ್ನಾಗಿ ಆದೀತೆಂಬ ನಿರೀಕ್ಷೆ ಇತ್ತು. ಬಂದದ್ದು ಭೀಕರ ಬರ. ಇಲಾಖೆಯ ಮೇಲಿನ ವಿಶ್ವಾಸಕ್ಕೆ ಅದು ದೊಡ್ಡ ಪೆಟ್ಟು.

1904ರಲ್ಲಿ ಎಲಿಯಟ್ ಜಾಗಕ್ಕೆ ಬಂದ ಗಿಲ್ಬರ್ಟ್ ವಾಕರ್ ಕೇಂಬ್ರಿಜ್‌ನ ಗಣಿತಜ್ಞ. ಹವಾಮಾನ ಶಾಸ್ತ್ರದ ಗಂಧವೂ ಇರಲಿಲ್ಲ. ಬೂಮರಾಂಗ್ ಎಸೆಯುವುದು, ಕೊಳಲಿನ ನಾದದ ಲೆಕ್ಕ ಹಾಕುವುದು ಅವರ ಹವ್ಯಾಸ. ಆದರೆ ಈ ಹೊರಗಿನವನ ಕಣ್ಣೇ ಪ್ರಯೋಜನಕ್ಕೆ ಬಂತು. ತರ್ಕ ಎಷ್ಟೇ ಚೆನ್ನಾಗಿದ್ದರೂ ಅಂಕಿ ಒಪ್ಪದಿದ್ದರೆ ಬಿಡಬೇಕು ಎಂಬುದು ವಾಕರ್ ನಿಲುವು. ಭಾರತೀಯ ಗುಮಾಸ್ತರ ಪಡೆಯೊಂದನ್ನು ಕೂರಿಸಿ ಜಗತ್ತಿನ ನಾನಾ ಕಡೆಯ ವಾಯುಭಾರ, ಮಳೆ, ಉಷ್ಣತೆಗಳ ದಾಖಲೆಗಳನ್ನು ಕೈಯಲ್ಲೇ ಲೆಕ್ಕ ಮಾಡಿಸಿದರು. 1909ರ ಹೊತ್ತಿಗೆ ಅವರು ರೂಪಿಸಿದ ಸೂತ್ರದಲ್ಲಿ ಮೇ ಕೊನೆಗೆ ಹಿಮಾಲಯದಲ್ಲಿ ಉಳಿದ ಹಿಮ ಇತ್ತು. ಜೊತೆಗೆ ಮಾರಿಷಸ್ ಮತ್ತು ದಕ್ಷಿಣ ಅಮೆರಿಕದ ವಾಯುಭಾರ, ಜಾಂಜಿಬಾರ್‌ನ ಮಳೆ. ಹಿಮದ ಪಾಲು ಸುಳ್ಳಲ್ಲ, ಆದರೆ ಅದೊಂದೇ ಸಾಲದು ಎಂಬುದು ಇದರಿಂದ ಸ್ಪಷ್ಟವಾಯಿತು.

ಸ್ವಾರಸ್ಯವೆಂದರೆ, ಹಿಮದ ಜೊತೆಗಾರರನ್ನು ಹುಡುಕಲು ಹೊರಟ ವಾಕರ್‌ಗೆ ಸಿಕ್ಕಿದ್ದು ಅದಕ್ಕಿಂತ ದೊಡ್ಡ ವಿಷಯ. ಪೆಸಿಫಿಕ್ ಸಾಗರದ ಮೇಲೆ ವಾಯುಭಾರ ಏರಿದಾಗ ಹಿಂದೂ ಮಹಾಸಾಗರದ ಮೇಲೆ ಇಳಿಯುತ್ತದೆ, ಅಲ್ಲಿ ಇಳಿದಾಗ ಇಲ್ಲಿ ಏರುತ್ತದೆ. ತಕ್ಕಡಿಯ ಎರಡು ತಟ್ಟೆಗಳಂತೆ. 1920ರ ದಶಕದಲ್ಲಿ ವಾಕರ್ ಇದನ್ನು ‘ದಕ್ಷಿಣದ ತೂಗಾಟ’ ಎಂದು ಕರೆದರು. ಪೆಸಿಫಿಕ್‌ನ ನೀರು ಅಸಹಜವಾಗಿ ಬಿಸಿಯಾಗುವ ಎಲ್ ನಿನೊ ಇದರದೇ ಇನ್ನೊಂದು ಮುಖ ಎಂಬುದು ಅವರ ಕಾಲಾನಂತರ ತಿಳಿದುಬಂತು. 1877–78ರಲ್ಲಿ ಬಹು ಪ್ರಬಲ ಎಲ್ ನಿನೊ ಇತ್ತೆಂದು ಈಗ ವಿಜ್ಞಾನಿಗಳು ಹೇಳುತ್ತಾರೆ. ಧಾತು-ಈಶ್ವರ ಬರದ ಕಾರಣವನ್ನು ಬ್ಲ್ಯಾನ್‌ಫರ್ಡ್ ಉತ್ತರದ ಬೆಟ್ಟಗಳಲ್ಲಿ ಹುಡುಕುತ್ತಿದ್ದಾಗ ಅದರ ದೊಡ್ಡ ಪಾಲು ಪೂರ್ವದ ಕಡಲಿನಾಚೆ ಇತ್ತು.

ಹಾಗಾದರೆ ಹಿಮದ ವಾದ ಹುಸಿಯೇ? ಪೂರ್ತಿ ಹಾಗೆನ್ನಲೂ ಬರುವುದಿಲ್ಲ. ವಾಕರ್ ನಂತರದ ದಶಕಗಳಲ್ಲಿ ಹಿಮಕ್ಕೂ ಮಳೆಗೂ ಕಂಡಿದ್ದ ಸಂಬಂಧ ಸಡಿಲವಾಯಿತು, ಸೂತ್ರದಿಂದ ಹಿಮವನ್ನು ಕೈಬಿಡಲಾಯಿತು. ಆದರೆ ಹಳೆಯ ಹಿಮದ ಅಂಕಿಗಳು ಅಳತೆಗಿಂತ ಹೆಚ್ಚಾಗಿ ಅಂದಾಜುಗಳಾಗಿದ್ದವು. ಕಣಿವೆಯಲ್ಲಿ ನಿಂತು ಶಿಖರದ ಹಿಮವನ್ನು ಎಷ್ಟು ನಿಖರವಾಗಿ ಹೇಳಬಹುದು? ಉಪಗ್ರಹಗಳು ಬಂದ ಮೇಲೆ ಪ್ರಶ್ನೆ ಮತ್ತೆ ಜೀವ ಪಡೆಯಿತು. 1976ರಲ್ಲಿ ಡಿ. ಜಿ. ಹಾನ್ ಮತ್ತು ಜಗದೀಶ್ ಶುಕ್ಲಾ ಉಪಗ್ರಹ ಚಿತ್ರಗಳನ್ನು ಆಧರಿಸಿ, ಯುರೇಷಿಯಾದ ಮೇಲೆ ಚಳಿಗಾಲದಲ್ಲಿ ಹಿಮ ಹೆಚ್ಚು ಹರಡಿದ ವರ್ಷ ಭಾರತದಲ್ಲಿ ಮಳೆ ಕಡಿಮೆ ಎಂದು ತೋರಿಸಿದರು. ಶುಕ್ಲಾ ಉತ್ತರ ಪ್ರದೇಶದ ಬಲಿಯಾ ಜಿಲ್ಲೆಯ ಹಳ್ಳಿಯಿಂದ ಬಂದವರು. ಬ್ಲ್ಯಾನ್‌ಫರ್ಡ್ ಹಿಮಾಲಯ ಎಂದದ್ದು ಇವರ ಕೈಯಲ್ಲಿ ಇಡೀ ಭೂಖಂಡಕ್ಕೆ ಹಿಗ್ಗಿತು.

1988ರಲ್ಲಿ ವಸಂತ ಗೋವಾರಿಕರ್ ಮತ್ತು ಸಂಗಡಿಗರು ರೂಪಿಸಿದ, ಆ ಕಾಲದಲ್ಲಿ ಪತ್ರಿಕೆಗಳಲ್ಲಿ ಮನೆಮಾತಾಗಿದ್ದ 16 ಅಂಶಗಳ ಮಾದರಿಯಲ್ಲಿ ಹಿಮಾಲಯದ ಹಿಮ, ಯುರೇಷಿಯಾದ ಹಿಮ ಎರಡಕ್ಕೂ ಸ್ಥಾನವಿತ್ತು. ವರ್ಷಗಟ್ಟಲೆ ಆ ಮಾದರಿ ಮಾನ ಉಳಿಸಿತು. 2002ರಲ್ಲಿ ವಾಡಿಕೆಯ ಮಳೆ ಎಂದು ಹೇಳಿ ಸೋತಿತು. ಆ ಜುಲೈನಲ್ಲಿ ದೇಶದಲ್ಲಿ ಬಿದ್ದದ್ದು ವಾಡಿಕೆಯ ಅರ್ಧದಷ್ಟೇ ಮಳೆ. ಮರುವರ್ಷವೇ ಹೊಸ ಮಾದರಿಗಳು ಬಂದವು.

ಈಗ ವಿಜ್ಞಾನಿಗಳಲ್ಲಿ ಇನ್ನೊಂದು ಅನುಮಾನವಿದೆ. ಎಲ್ ನಿನೊ ಇರುವ ಚಳಿಗಾಲದಲ್ಲಿ ಪಶ್ಚಿಮದ ಕ್ಷೋಭೆಗಳು ಬಲಗೊಂಡು ಹಿಮಾಲಯದಲ್ಲಿ ಹಿಮ ಹೆಚ್ಚಬಹುದು. ಆಗ ಹಿಮ ಮತ್ತು ಬರ ತಂದೆಮಗನಲ್ಲ, ಒಂದೇ ತಾಯಿಯ ಮಕ್ಕಳು. ಯಾವ ವರ್ಷ ಯಾವುದು ಎಂದು ಬಿಡಿಸುವುದೇ ಕಷ್ಟ. ಮೇಲಾಗಿ ಕರ್ನಾಟಕದಂಥ ರಾಜ್ಯದಲ್ಲಿ ಕರಾವಳಿ, ಮಲೆನಾಡು, ಬಯಲುಸೀಮೆಗಳ ಮಳೆ ಒಂದೇ ತಾಳಕ್ಕೆ ಕುಣಿಯುವುದಿಲ್ಲ. ದೇಶದ ಸರಾಸರಿ ಸರಿಯಿದ್ದ ವರ್ಷವೂ ಪಾವಗಡ, ಚಳ್ಳಕೆರೆಗಳಲ್ಲಿ ಬಿತ್ತನೆ ಒಣಗಬಹುದು.

ಇಷ್ಟಾದರೂ ಹವಾಮಾನ ಇಲಾಖೆ ಹಿಮವನ್ನು ಮರೆತಿಲ್ಲ. 2021ರಿಂದ ಹಲವು ಕಂಪ್ಯೂಟರ್ ಮಾದರಿಗಳನ್ನು ಕೂಡಿಸಿ ಮುನ್ಸೂಚನೆ ಕೊಡುವ ಪದ್ಧತಿ ಬಂದ ಮೇಲೂ ಪ್ರಕಟಣೆಯಲ್ಲಿ ಹಿಮದ ಪ್ರಸ್ತಾಪ ಕಾಣಿಸಿಕೊಂಡಿದೆ. 2024ರ ಏಪ್ರಿಲ್‌ನಲ್ಲಿ ಉತ್ತರ ಗೋಳಾರ್ಧದ ಹಿಮ ವಾಡಿಕೆಗಿಂತ ಕಡಿಮೆಯಿದ್ದುದನ್ನು ಒಳ್ಳೆಯ ಲಕ್ಷಣವೆಂದು ಇಲಾಖೆ ಹೇಳಿತು. ಆ ವರ್ಷ ದೇಶದ ಮಳೆ ವಾಡಿಕೆಯ ಶೇ 108ರಷ್ಟಾಯಿತು. ಹಿಂದಿನ ವರ್ಷ, ಅಂದರೆ ಕೇದಾರದಲ್ಲಿ ಹಿಮ ಸುರಿದ 2023ರಲ್ಲಿ, ಮೊದಲ ಮುನ್ಸೂಚನೆ ಬಂದದ್ದು ಏಪ್ರಿಲ್ 11ರಂದು. ಫೆಬ್ರವರಿ, ಮಾರ್ಚ್ ತಿಂಗಳ ಹಿಮ ಕಡಿಮೆಯೆಂಬ ಸಮಾಧಾನ ಆಗಲೂ ಅದರಲ್ಲಿತ್ತು. ಶೇ 96ರಷ್ಟು ಮಳೆಯ ನಿರೀಕ್ಷೆ ಇಡಲಾಗಿತ್ತು, ಬಂದದ್ದು ಶೇ 94. ಬೆಳೆಯುತ್ತಿದ್ದ ಎಲ್ ನಿನೊವೇ ಅದಕ್ಕೆ ಮುಖ್ಯ ಕಾರಣವೆಂದು ಹೇಳಲಾಯಿತು. ಎರಡನೆಯ ಮುನ್ಸೂಚನೆ ಮೇ 26ರಂದು ಹೊರಬಿತ್ತು, ಅಂಕಿ ಬದಲಾಗಲಿಲ್ಲ. ಕೇದಾರನಾಥದ ದಾರಿ ಮುಚ್ಚಿದ ಹಿಮ ಬಿದ್ದದ್ದು ಈ ಎರಡು ದಿನಾಂಕಗಳ ನಡುವೆ.