ಕಟ್ಟಡದೊಳಗಿನ ಗಾಳಿಯೂ ಕಾಪಿಟ್ಟ ಸಾಕ್ಷ್ಯವೂ

ಶಾಸನ, ನಾಣ್ಯ, ಕಡತ, ದಿನಚರಿ: ಚರಿತ್ರಕಾರನ ಆಧಾರಗಳೆಂದೊಡನೆ ನಮ್ಮ ಮುಂದೆ ನಿಲ್ಲುವುವು ಇವು. ಪ್ರಯೋಗಶಾಲೆಯ ಶೀತಲಪೆಟ್ಟಿಗೆಯಲ್ಲಿ ವರ್ಷಗಟ್ಟಲೆ ಉಳಿದಿದ್ದ ರೋಗಿಗಳ ರಕ್ತವೂ ಇವುಗಳ ಸಾಲಿಗೆ ಸೇರತಕ್ಕದ್ದೆಂಬುದಕ್ಕೆ, ಕಟ್ಟಡದೊಳಗಿನ ಗಾಳಿಯಿಂದ ಹರಡುವ ಒಂದು ರೋಗವನ್ನು ಅಮೆರಿಕದಲ್ಲಿ ಪತ್ತೆಹಚ್ಚಿದ ವೃತ್ತಾಂತವು ಒಳ್ಳೆಯ ನಿದರ್ಶನವಾಗಿದೆ.

1976ನೆಯ ಇಸವಿ ಜುಲೈ 21ರಿಂದ 24ರವರೆಗೆ ಫಿಲಡೆಲ್ಫಿಯ ನಗರದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಅಮೆರಿಕನ್ ಲೀಜನ್ ಎಂಬ ಮಾಜಿ ಯೋಧರ ಸಂಘದ ಪೆನ್ಸಿಲ್ವೇನಿಯ ಶಾಖೆಯ ಸಮ್ಮೇಳನವು ನೆರೆದಿತ್ತು. ಊರಿಗೆ ಮರಳಿದ ಪ್ರತಿನಿಧಿಗಳು ಕೆಲವೇ ದಿನಗಳಲ್ಲಿ ತೀವ್ರ ಜ್ವರದಿಂದಲೂ ನ್ಯುಮೋನಿಯದಿಂದಲೂ ಹಾಸಿಗೆ ಹಿಡಿದರು. ಸಮ್ಮೇಳನಕ್ಕೆ ಬಾರದೆ ಹೋಟೆಲಿನ ಮುಂದಿನ ಬೀದಿಯಲ್ಲಿ ಸುಮ್ಮನೆ ಹಾದುಹೋದ ಕೆಲವರಿಗೂ ರೋಗ ತಗಲಿತು. ಒಟ್ಟು 221 ಮಂದಿ ರೋಗಿಗಳಾಗಿ ಅವರಲ್ಲಿ 34 ಮಂದಿ ಮೃತರಾದರು.

ಸಂಶಯವು ಮೊದಲು ಹಂದಿಜ್ವರದ ಮೇಲೆ ಹೋಯಿತು. ಆ ವರ್ಷದ ಆರಂಭದಲ್ಲಿ ಸೈನಿಕ ಶಿಬಿರವೊಂದರಲ್ಲಿ ಅದು ಕಾಣಿಸಿಕೊಂಡಿದ್ದುದೇ ಇದಕ್ಕೆ ಕಾರಣ. ಆ ಬಳಿಕ ಆಹಾರ, ನೀರು, ನಿಕಲ್ ವಿಷ ಎಲ್ಲವೂ ವಿಚಾರಣೆಗೆ ಬಂದುವು. ಡೇವಿಡ್ ಫ್ರೇಸರರ ಮುಂದಾಳ್ತನದಲ್ಲಿ ಸ್ಥಳಶೋಧನೆ ನಡೆಸಿದವರು ರೋಗಿಗಳನ್ನೂ ಆರೋಗ್ಯವಂತರನ್ನೂ ಪ್ರಶ್ನಿಸಿ ಹೋಲಿಸಿದಾಗ, ರೋಗಕ್ಕೆ ತುತ್ತಾದವರು ಹೋಟೆಲಿನ ಪಡಸಾಲೆಯಲ್ಲಿ ಹೆಚ್ಚು ಹೊತ್ತು ಕಳೆದಿದ್ದರೆಂಬುದು ತಿಳಿದುಬಂದಿತು. ರೋಗಿಗಳ ಮನೆಯವರಿಗೆ ಸೋಂಕು ಹರಡಿರಲಿಲ್ಲ. ಆದುದರಿಂದ ಸಂಶಯವು ಮನುಷ್ಯರನ್ನು ಬಿಟ್ಟು ಗಾಳಿಯ ಕಡೆಗೆ ತಿರುಗಿತು.

ಅಟ್ಲಾಂಟದ ರೋಗನಿಯಂತ್ರಣ ಕೇಂದ್ರದ ಜೋಸೆಫ್ ಮೆಕ್‌ಡೇಡರು ಮೃತರ ಶ್ವಾಸಕೋಶದ ಅಂಶವನ್ನು ಗಿನಿಯಿಲಿಗಳಿಗೆ ಚುಚ್ಚಿ ಪರೀಕ್ಷಿಸಿದಾಗ ಕಂಡ ಕಡ್ಡಿಯಾಕಾರದ ಕೆಲವು ಸೂಕ್ಷ್ಮಾಣುಗಳನ್ನು ಹೊರಗಿನಿಂದ ಬೆರೆತುವೆಂದು ಆಗ ಬದಿಗಿರಿಸಲಾಗಿತ್ತು. ಡಿಸೆಂಬರಿನ ಕೊನೆಯಲ್ಲಿ ಅವರು ಅದೇ ಗಾಜಿನ ಫಲಕಗಳನ್ನು ಮತ್ತೆ ಕೈಗೆತ್ತಿಕೊಂಡು, ಕೋಳಿಮೊಟ್ಟೆಯೊಳಗೆ ಆ ಸೂಕ್ಷ್ಮಾಣುವನ್ನು ಬೆಳೆಸಿದರು. ಗುಣಹೊಂದಿದವರ ರಕ್ತದಲ್ಲಿ ಅದಕ್ಕೆ ಪ್ರತಿಕಾಯಗಳಿದ್ದುವು. 1977ರ ಜನವರಿ 18ರಂದು ಶೋಧದ ವಿಷಯವನ್ನು ಪ್ರಕಟಿಸಲಾಯಿತು. 1979ರಲ್ಲಿ ಅದಕ್ಕೆ ಲೀಜನೆಲ್ಲ ನ್ಯುಮೋಫಿಲ ಎಂಬ ಹೆಸರು ಬಂದಿತು.

ನಮ್ಮ ಅಭಿಪ್ರಾಯದಲ್ಲಿ ಇಡೀ ಪ್ರಕರಣದ ಸ್ವಾರಸ್ಯವಿರುವುದು ಇದರ ಮುಂದಿನ ಹೆಜ್ಜೆಯಲ್ಲಿ. 1965ರ ಬೇಸಗೆಯಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಮಾನಸಿಕ ಆಸ್ಪತ್ರೆಯಲ್ಲಿ 81 ರೋಗಿಗಳಿಗೆ ನ್ಯುಮೋನಿಯ ತಗಲಿ, ಕಾರಣ ತಿಳಿಯದೆ ವಿಚಾರಣೆ ನಿಂತುಹೋಗಿತ್ತು. ಆದರೆ ಅವರ ರಕ್ತದ ಮಾದರಿಗಳನ್ನು ಯಾರೂ ಚೆಲ್ಲಿರಲಿಲ್ಲ. ಈಗ ಅವನ್ನು ಹೊರತೆಗೆದು ಪರೀಕ್ಷಿಸಲಾಗಿ ಅದೇ ಸೂಕ್ಷ್ಮಾಣುವಿನ ಗುರುತು ಕಂಡಿತು.

ಮಿಚಿಗನ್ ರಾಜ್ಯದ ಪಾಂಟಿಯಾಕ್ ಪಟ್ಟಣದ ಕಥೆ ಇನ್ನೂ ವಿಚಿತ್ರ. ಅಲ್ಲಿ ಕಾಯಿಲೆಯ ಮನೆಯಾದುದು ಸರ್ಕಾರದ ಆರೋಗ್ಯ ಇಲಾಖೆಯ ಕಛೇರಿಯೇ! 1968ರ ಜುಲೈಯಲ್ಲಿ ಆ ಕಟ್ಟಡದ 100 ಮಂದಿ ನೌಕರರಲ್ಲಿ 95 ಮಂದಿಗೆ, ಬಂದುಹೋದವರೂ ಸೇರಿ ಕನಿಷ್ಠಪಕ್ಷ 144 ಮಂದಿಗೆ, ಜ್ವರವೂ ಮೈಕೈನೋವೂ ಬಂದುವು. ಯಾರೂ ಸಾಯಲಿಲ್ಲ, ನ್ಯುಮೋನಿಯವೂ ಆಗಲಿಲ್ಲ. ತನಿಖೆಗೆಂದು ಒಳಹೊಕ್ಕವರು ಸಹ ಮಲಗಿದರು. ಹವಾನಿಯಂತ್ರಣ ಯಂತ್ರ ನಡೆಯುತ್ತಿದ್ದಾಗ ಒಳಗಿದ್ದವರಿಗೆ ಮಾತ್ರ ಕಾಯಿಲೆ ಬರುತ್ತದೆಂಬುದು ಅಂದೇ ಸ್ಪಷ್ಟವಾಯಿತು. ನೀರು ಸಿಂಪಡಿಸಿ ತಂಪುಮಾಡುವ ಯಂತ್ರಭಾಗದಿಂದ ಹೊರಹೋಗಬೇಕಾದ ತುಂತುರು, ದೋಷವೊಂದರಿಂದ ಕೊಠಡಿಗಳಿಗೆ ಹೋಗುವ ಗಾಳಿಯಲ್ಲಿ ಬೆರೆಯುತ್ತಿತ್ತು. ಮಾರ್ಗ ತಿಳಿದಿತ್ತು, ಅಪರಾಧಿ ತಿಳಿದಿರಲಿಲ್ಲ. ಆ ಕಟ್ಟಡದ ಗಾಳಿಗೆ ಒಡ್ಡಿದ್ದ ಗಿನಿಯಿಲಿಗಳ ಶ್ವಾಸಕೋಶವನ್ನು ಕಾಪಿಟ್ಟಿದ್ದುದರಿಂದ, ಫಿಲಡೆಲ್ಫಿಯದ ಶೋಧದ ತರುವಾಯ ಅದರಿಂದಲೇ ಸೂಕ್ಷ್ಮಾಣುವನ್ನು ಬೇರ್ಪಡಿಸಲು ಸಾಧ್ಯವಾಯಿತು. 1947ರಲ್ಲಿ ಬೇರ್ಪಡಿಸಿ ಗುರುತಿಸಲಾರದೆ ಇಟ್ಟಿದ್ದ ಸೂಕ್ಷ್ಮಾಣುವೊಂದೂ ಇದೇ ಎಂದು ಬಳಿಕ ಗೊತ್ತಾಯಿತು. ಹೀಗೆ ‘ಹೊಸ ರೋಗ’ವೆಂಬ ಮಾತು ನಿಲ್ಲದಾಯಿತು, ಹೊಸದಾದುದು ಅದಕ್ಕೆ ದೊರೆತ ಹೆಸರು ಮಾತ್ರ.

ಫಿಲಡೆಲ್ಫಿಯದ ಹೋಟೆಲಿನ ಕೂಲಿಂಗ್ ಟವರೇ ರೋಗದ ಮೂಲವೆಂದು ಎಷ್ಟೋ ಬರಹಗಳು ಖಚಿತವಾಗಿ ಹೇಳುತ್ತವೆ. ಊಹೆ ಯುಕ್ತವೇ, ಬೆಚ್ಚನೆಯ ನೀರಿನಲ್ಲಿ ಈ ಸೂಕ್ಷ್ಮಾಣು ಬೆಳೆಯುವುದೂ ತುಂತುರಿನೊಡನೆ ಶ್ವಾಸಕೋಶವನ್ನು ಸೇರುವುದೂ ಸಿದ್ಧವಾದ ಸಂಗತಿಗಳು. ಆದರೆ ಪಾಂಟಿಯಾಕಿನಲ್ಲಿ ದೊರೆತಂಥ ನೇರ ಆಧಾರ ಇಲ್ಲಿ ದೊರೆಯಲಿಲ್ಲವಾದುದರಿಂದ, ಊಹೆಯನ್ನು ಊಹೆಯೆಂದೇ ಬರೆಯುವುದು ಉಚಿತ. ಅತಿಥಿಗಳು ಬಾರದೆ ಆ ಹೋಟೆಲು 1976ರ ನವೆಂಬರಿನಲ್ಲಿ ಬಾಗಿಲು ಮುಚ್ಚಿತು. ಸೂಕ್ಷ್ಮಾಣುವಿನ ಶೋಧ ಪ್ರಕಟವಾದುದು ಅದಾದ ಎರಡು ತಿಂಗಳ ಮೇಲೆ.