ರಾಜಿಯಾದರೆ ಕ್ರಿಮಿನಲ್ ಮೊಕದ್ದಮೆ ಮುಗಿಯುವುದೇ?

'ನಮ್ಮಲ್ಲಿ ರಾಜಿಯಾಗಿದೆ, ಕೇಸು ವಾಪಸು ಪಡೆಯುತ್ತೇವೆ' ಎಂಬ ಮಾತು ನ್ಯಾಯಾಲಯಗಳ ಆವರಣದಲ್ಲಿ ಆಗಾಗ ಕೇಳಿಬರುತ್ತದೆ. ಆದರೆ ಪೊಲೀಸರು ದಾಖಲಿಸಿದ ಕ್ರಿಮಿನಲ್ ಮೊಕದ್ದಮೆಯನ್ನು ದೂರುದಾರರು ತಮ್ಮಿಚ್ಛೆಯಂತೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಸಾಲ, ಆಸ್ತಿ ಪಾಲು ಮುಂತಾದ ಸಿವಿಲ್ ವ್ಯಾಜ್ಯಗಳು ಇಬ್ಬರ ನಡುವಿನ ವಿವಾದಗಳು. ಅಪರಾಧವನ್ನಾದರೋ ಕಾನೂನು ಇಡೀ ಸಮಾಜದ ವಿರುದ್ಧದ ಕೃತ್ಯವೆಂದು ಪರಿಗಣಿಸುತ್ತದೆ. ಆದ್ದರಿಂದಲೇ ಆರೋಪಿಯ ಎದುರು ನಿಲ್ಲುವುದು ಸರ್ಕಾರ. ದೂರು ಕೊಟ್ಟವರು ಸಾಕ್ಷಿ ಮಾತ್ರ.

ಹೀಗಿದ್ದರೂ ಉಭಯ ಪಕ್ಷಗಳ ರಾಜಿಯನ್ನು ಒಪ್ಪಿ ಹೈಕೋರ್ಟ್‌ಗಳು ಮೊಕದ್ದಮೆಗಳನ್ನು ರದ್ದುಪಡಿಸುತ್ತಲೇ ಇವೆ. ಈ ಅಧಿಕಾರದ ಮೂಲ ಯಾವುದು, ಅದರ ಎಲ್ಲೆ ಎಲ್ಲಿಯವರೆಗೆ ಎಂಬುದರ ವಿವರ ಇಲ್ಲಿದೆ.

ಎರಡು ದಾರಿಗಳು

ಮೊದಲನೆಯದು ಕಾನೂನೇ ಹಾಕಿಕೊಟ್ಟ ದಾರಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 359ನೇ ಕಲಂ ರಾಜಿ ಮಾಡಿಕೊಳ್ಳಬಹುದಾದ ಅಪರಾಧಗಳನ್ನು ಪಟ್ಟಿ ಮಾಡಿದೆ. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಇದು 320ನೇ ಕಲಮಾಗಿತ್ತು. ಸಾಮಾನ್ಯ ಹಲ್ಲೆ, ಮಾನಹಾನಿಯಂಥ ಪ್ರಕರಣಗಳಲ್ಲಿ ನ್ಯಾಯಾಲಯದ ಅನುಮತಿ ಬೇಕಿಲ್ಲ. ವಂಚನೆಯಂಥ ಪ್ರಕರಣಗಳಲ್ಲಿ ಅನುಮತಿ ಬೇಕು. ಇಂಥ ರಾಜಿಯಿಂದ ಆರೋಪಿ ಖುಲಾಸೆಯಾದಂತೆಯೇ. ಚೆಕ್ ಅಮಾನ್ಯ ಪ್ರಕರಣಗಳಿಗೂ ಸಂಬಂಧಪಟ್ಟ ಕಾಯ್ದೆಯ 147ನೇ ಕಲಂ ರಾಜಿಗೆ ಅವಕಾಶ ನೀಡಿದೆ.

ಪಟ್ಟಿಯಲ್ಲಿ ಇಲ್ಲದ ಅಪರಾಧಗಳಲ್ಲಿ ಈ ದಾರಿ ಮುಚ್ಚಿದೆ. ಕೊಲೆ ಯತ್ನ ಅಂಥದ್ದು. ಪತಿ ಅಥವಾ ಆತನ ಸಂಬಂಧಿಕರಿಂದ ಕಿರುಕುಳ, ಅಂದರೆ ಹಿಂದಿನ 498-ಎ ಪ್ರಕರಣ, ಕೇಂದ್ರದ ಕಾನೂನಿನಂತೆ ಇದೇ ಗುಂಪಿಗೆ ಸೇರುತ್ತದೆ. ಇಲ್ಲಿ ಉಳಿಯುವುದು ಎರಡನೆಯ ದಾರಿ: ಹೈಕೋರ್ಟಿನ ಅಂತರ್ಗತ ಅಧಿಕಾರ. ಹಿಂದೆ 482ನೇ ಕಲಮಿನಲ್ಲಿದ್ದ ಈ ಅಧಿಕಾರ ಈಗ 528ನೇ ಕಲಮಿನಲ್ಲಿದೆ. ಮ್ಯಾಜಿಸ್ಟ್ರೇಟ್ ಅಥವಾ ಸೆಷನ್ಸ್ ನ್ಯಾಯಾಲಯಕ್ಕೆ ಇದು ಇಲ್ಲ. ನಮ್ಮ ರಾಜ್ಯದ ಕಕ್ಷಿದಾರರು ಬೆಂಗಳೂರಿನ ಪ್ರಧಾನ ಪೀಠಕ್ಕೆ, ಇಲ್ಲವೇ ಧಾರವಾಡ, ಕಲಬುರಗಿ ಪೀಠಗಳಿಗೆ ಅರ್ಜಿ ಸಲ್ಲಿಸಬೇಕು.

ತೀರ್ಪುಗಳು ನಡೆದು ಬಂದ ಹಾದಿ

ಕಾನೂನು ರಾಜಿಗೆ ಅವಕಾಶವಿಲ್ಲವೆಂದ ಮೇಲೆ ಹೈಕೋರ್ಟ್ ಅದನ್ನು ಪರೋಕ್ಷವಾಗಿ ನೀಡಬಹುದೇ ಎಂಬುದೇ ಮೂಲ ಪ್ರಶ್ನೆ. 2003ರಲ್ಲಿ ಬಿ.ಎಸ್. ಜೋಶಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೌದೆಂದಿತು. ಅದು ವೈವಾಹಿಕ ಕಲಹ. ಮೊಕದ್ದಮೆ ಬೇಡವೆಂದು ಪತ್ನಿಯೇ ಪ್ರಮಾಣಪತ್ರ ಸಲ್ಲಿಸಿದ್ದರು. 2010ರಲ್ಲಿ ದ್ವಿಸದಸ್ಯ ಪೀಠವೊಂದು ಈ ನಿಲುವಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ವಿಸ್ತೃತ ಪೀಠಕ್ಕೆ ಒಪ್ಪಿಸಿತು. 2012ರ ಸೆಪ್ಟೆಂಬರ್ 24ರಂದು ಗ್ಯಾನ್ ಸಿಂಗ್ ಪ್ರಕರಣದಲ್ಲಿ ತ್ರಿಸದಸ್ಯ ಪೀಠ ಅಂತಿಮ ಉತ್ತರ ನೀಡಿತು.

ಅದರ ಸಾರ ಇಷ್ಟು: ಅಪರಾಧವನ್ನು ರಾಜಿ ಮಾಡಿಕೊಳ್ಳುವುದು ಬೇರೆ, ಮೊಕದ್ದಮೆಯನ್ನು ರದ್ದುಪಡಿಸುವುದು ಬೇರೆ. ವಾಣಿಜ್ಯ, ಹಣಕಾಸು, ಪಾಲುದಾರಿಕೆ, ವಿವಾಹ ಮುಂತಾದ ಮುಖ್ಯವಾಗಿ ಖಾಸಗಿ ಸ್ವರೂಪದ ವಿವಾದಗಳಲ್ಲಿ ರಾಜಿಯಾದ ಬಳಿಕ ಶಿಕ್ಷೆಯಾಗುವ ಸಂಭವ ತೀರಾ ಕಡಿಮೆ. ಅಂಥಲ್ಲಿ ವಿಚಾರಣೆ ಎಳೆಯುವುದು ಆರೋಪಿಗೆ ಅನ್ಯಾಯವೆನಿಸಿದರೆ ಹೈಕೋರ್ಟ್ ಅದನ್ನು ಕೊನೆಗೊಳಿಸಬಹುದು. ಕೊಲೆ, ಅತ್ಯಾಚಾರ, ದರೋಡೆಯಂಥ ಘೋರ ಅಪರಾಧಗಳಿಗೂ ಭ್ರಷ್ಟಾಚಾರ ತಡೆ ಕಾಯ್ದೆಯ ಪ್ರಕರಣಗಳಿಗೂ ಇದು ಅನ್ವಯಿಸದು.

2014ರ ನರಿಂದರ್ ಸಿಂಗ್ ತೀರ್ಪು ಕೊಲೆ ಯತ್ನದ ಪ್ರಕರಣಗಳಿಗೆ ಮಾರ್ಗಸೂಚಿ ನೀಡಿತು. ಕಲಮಿನ ಹೆಸರಿಗಿಂತ ಗಾಯ ಎಲ್ಲಿ ಆಗಿದೆ, ಬಳಸಿದ ಆಯುಧ ಯಾವುದು ಎಂಬುದನ್ನು ನೋಡಬೇಕು. ರಾಜಿ ಆರಂಭದಲ್ಲೇ ಆಗಿದ್ದರೆ ಉದಾರ ದೃಷ್ಟಿ ಸಾಧ್ಯ. ಶಿಕ್ಷೆ ಪ್ರಕಟವಾದ ಮೇಲೆ ಹಾದಿ ಕಠಿಣ. ಆರೋಪಿಯ ಪೂರ್ವ ನಡತೆಯನ್ನೂ ಗಮನಿಸಬೇಕೆಂದು 2019ರ ಲಕ್ಷ್ಮೀನಾರಾಯಣ ತೀರ್ಪು ಹೇಳಿತು. 2017ರಲ್ಲಿ ನಕಲಿ ದಾಖಲೆಗಳ ಮೂಲಕ ಭೂಮಿ ಕಬಳಿಸಿದ ಆರೋಪದ ಗುಜರಾತ್ ಪ್ರಕರಣವೊಂದರಲ್ಲಿ ರಾಜಿಯಾಗಿದ್ದರೂ ಮೊಕದ್ದಮೆ ರದ್ದಾಗಲಿಲ್ಲ.

ಒಪ್ಪಿಗೆ ಯಾರದು?

ರಾಜಿಪತ್ರಕ್ಕೆ ಸಹಿ ಹಾಕಿದವರೇ ನೊಂದವರೆಂದು ಹೇಳಲಾಗದು. ಗುಜರಾತಿನ ಆತ್ಮಹತ್ಯೆ ಪ್ರಚೋದನೆ ಪ್ರಕರಣವೊಂದರಲ್ಲಿ ದೂರು ನೀಡಿದ್ದ ಸಂಬಂಧಿಕರು ಆರೋಪಿಗಳೊಡನೆ ರಾಜಿಯಾದರು. ಹೈಕೋರ್ಟ್ ಮೊಕದ್ದಮೆ ರದ್ದುಪಡಿಸಿತು. ಮೃತರ ಪತ್ನಿ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದರು. 2022ರಲ್ಲಿ ಆ ಆದೇಶ ರದ್ದಾಯಿತು.

ರಾಜಸ್ಥಾನದಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ ಲೈಂಗಿಕ ಕಿರುಕುಳ ನೀಡಿದ ಆರೋಪ ಶಿಕ್ಷಕನ ಮೇಲಿತ್ತು. ಬಾಲಕಿಯ ತಂದೆಯೊಂದಿಗೆ ಆದ ರಾಜಿಯನ್ನು ಒಪ್ಪಿ ಹೈಕೋರ್ಟ್ ಮೊಕದ್ದಮೆಯನ್ನು ಕೈಬಿಟ್ಟಿತ್ತು. 2024ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮರುಜೀವ ನೀಡಿತು. ಪರಿಶಿಷ್ಟರ ಮೇಲಿನ ದೌರ್ಜನ್ಯದ ಪ್ರಕರಣಗಳಲ್ಲಿ ದುರ್ಬಲರ ಒಪ್ಪಿಗೆ ಒತ್ತಡದಿಂದ ಬಂದುದೇ ಎಂದು ಪರೀಕ್ಷಿಸಬೇಕೆಂದು 2021ರಲ್ಲಿ ಅದೇ ನ್ಯಾಯಾಲಯ ಎಚ್ಚರಿಸಿದೆ.

ಆದರೆ ಈ ಎಲ್ಲೆಯೂ ಪೂರ್ಣವಾಗಿ ನಿಶ್ಚಲವಲ್ಲ. ಮಹಾರಾಷ್ಟ್ರದ ಅತ್ಯಾಚಾರ ಆರೋಪದ ಪ್ರಕರಣವೊಂದನ್ನು ವಿಶೇಷ ಸಂದರ್ಭವೆಂದು ಪರಿಗಣಿಸಿ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಮಹಿಳೆ ವಿವಾಹವಾಗಿ ನೆಲೆಗೊಂಡಿದ್ದು, ಮುಂದುವರಿಯಲು ತಮಗೆ ಇಚ್ಛೆಯಿಲ್ಲ ಎಂದಿದ್ದರು.

ರಾಜಿ ಎಂಬುದು ಹಕ್ಕಲ್ಲ, ನ್ಯಾಯಾಲಯದ ಮುಂದಿಡುವ ಕೋರಿಕೆ ಮಾತ್ರ. ಮುರಿದ ಸಂಸಾರದ ಇಬ್ಬರೂ ವರ್ಷಾನುಗಟ್ಟಲೆ ಅಲೆಯುವುದನ್ನು ಅದು ತಪ್ಪಿಸಬಲ್ಲದು. ಉಳ್ಳವರು ಹಣ ಕೊಟ್ಟು ಕಾನೂನಿನಿಂದ ಪಾರಾಗುವ ಬಾಗಿಲೂ ಆಗಬಲ್ಲದು. ಇವೆರಡನ್ನೂ ಬೇರ್ಪಡಿಸುವ ಹೊಣೆ ನ್ಯಾಯಾಧೀಶರದು. ರಾಜಿಪತ್ರಕ್ಕೆ ಸಹಿ ಮಾಡುವ ಮೊದಲು ಆ ಅಪರಾಧ ಯಾವ ಪಟ್ಟಿಗೆ ಸೇರಿದ್ದೆಂದು ವಕೀಲರಿಂದ ತಿಳಿದುಕೊಳ್ಳುವುದು ಉಭಯತರಿಗೂ ಕ್ಷೇಮ.